ಫೀಲ್ಡ್, ಪೂಜೆ, ಮಾರ್ಚ್ 31: ಎನ್‌ಜಿಒದಲ್ಲಿರುವ ಹುಡುಗ ಹುಡುಗಿಯರಿಗೆ ಒಂದು ಮಾರ್ಗದರ್ಶಿ

"ಅಕ್ಕಾ, ಬೆಳಿಗ್ಗೆ ಏಳರ ಬಸ್ಸಿಗೆ ಫೀಲ್ಡ್‌ಗೆ ಹೋದ್ರೆ ರೂಮಿಗೆ ಬರೋದು ರಾತ್ರಿ ಒಂಬತ್ತಕ್ಕೆ. ಪೂಜೆ ಯಾವಾಗ ಮಾಡ್ಲಿ?" "ಶುಕ್ರವಾರ ಮಧ್ಯಾಹ್ನವೇ ರಿವ್ಯೂ ಮೀಟಿಂಗ್ ಇಡ್ತಾರೆ, ಜುಮ್ಮಾ ತಪ್ಪುತ್ತೆ, ಹೇಳೋಕೆ ಮುಜುಗರ." "ಭಾನುವಾರ ಎಲ್ಲಾ ಶಿಬಿರ. ಚರ್ಚಿಗೆ ಹೋಗಿ ಎರಡು ತಿಂಗಳಾಯ್ತು."

ಎನ್‌ಜಿಒ ಸೇರಿ ಒಂದೆರಡು ವರ್ಷವಾದವರು ನನ್ನನ್ನು ಕೇಳುವುದರಲ್ಲಿ ಸಂಬಳದ ಪ್ರಶ್ನೆ ಬಿಟ್ಟರೆ ಇದೇ ಜಾಸ್ತಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಜಾಸ್ತಿ ಕೆಲಸ ಮಾಡಿದ್ದು ಕಲಬುರಗಿ, ಯಾದಗಿರಿ ಕಡೆ. ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ. ದೇವರನ್ನು ನಂಬದವರಿಗೂ ಅರ್ಧ ಲೇಖನ ಉಪಯೋಗಕ್ಕೆ ಬರುತ್ತದೆ. "ಪೂಜೆ" ಅಂತ ಇರುವ ಕಡೆ "ಅಮ್ಮನಿಗೆ ಫೋನ್" ಅಂತ ಓದಿಕೊಳ್ಳಿ.

ಮೊದಲು ಒಂದು ಮಾತು

ಬಿಡುವಿಲ್ಲದ ಕೆಲಸ ಎಲ್ಲರದ್ದೂ ಇದೆ. ನಮ್ಮದರಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಕೆಲಸಕ್ಕೇ ಪುಣ್ಯದ ಬಣ್ಣ ಬಳಿದಿದೆ. "ಕಾಯಕವೇ ಕೈಲಾಸ" ಅಂತ ಕಚೇರಿ ಗೋಡೆಯ ಮೇಲೆ ಬರೆಸಿದ್ದರೆ, ರಾತ್ರಿ ಹತ್ತಕ್ಕೆ ಎಕ್ಸೆಲ್ ಶೀಟ್ ಕೇಳಿದರೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ?

ಆ ಮಾತು ಬರುವುದು 12ನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿದಾಗ ಲಿಂಗಪೂಜೆ ಮರೆತರೂ ಸರಿ ಅನ್ನುತ್ತಾನೆ ಅವನು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಬೈದು, ಹೆಚ್ಚಿಗೆ ಇದ್ದದ್ದನ್ನು ವಾಪಸ್ ಸುರಿದು ಬಾ ಅಂತ ಕಳಿಸಿದಳು ಅನ್ನುತ್ತದೆ ಕಥೆ. ಗಂಡನ ಮಾತು ನಮ್ಮ ಗೋಡೆ ಮೇಲಿದೆ. ಹೆಂಡತಿಯ ಮಾತನ್ನು ಯಾವ ಎನ್‌ಜಿಒದವರೂ ಬರೆಸಿದ್ದು ನಾನು ಕಂಡಿಲ್ಲ. ಮುಂದೆ "ಇವತ್ತಿನ ಅಕ್ಕಿ" ಅಂತ ಬಂದಾಗ ಈ ಕಥೆ ನೆನಪಿಟ್ಟುಕೊಳ್ಳಿ.

ಏನೇನು ಬೇಕು

ನಿಮ್ಮ ನೇಮಕಾತಿ ಪತ್ರ ಮತ್ತು ಸಂಸ್ಥೆಯ ರಜೆ ನಿಯಮ. ಮನೆಯ ಗೋಡೆ ಕ್ಯಾಲೆಂಡರ್ ಅಥವಾ ಪಂಚಾಂಗ. ಡೋನರ್‌ಗಳಿಗೆ, ಅಂದರೆ ಹಣ ಕೊಡುವವರಿಗೆ, ಯಾವಾಗ ಏನು ವರದಿ ಕಳಿಸಬೇಕು ಅನ್ನುವ ಪಟ್ಟಿ. ಒಂದು ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು, ಒಂದು ಗಂಟೆ. ಆ್ಯಪ್ ಏನೂ ಬೇಡ. ಇನ್ನೊಂದು ನೋಟಿಫಿಕೇಶನ್ ಯಾರಿಗೆ ಬೇಕು?

ಹಂತ 1: ಬಿಡಲಾಗದ್ದು ಯಾವುದು, ಬರೆಯಿರಿ

ಹಾಳೆಯಲ್ಲಿ ಮೂರು ಸಾಲು ಮಾಡಿ: ದಿನಕ್ಕೆ, ವಾರಕ್ಕೆ, ವರ್ಷಕ್ಕೆ. ಯಾವುದು ತಪ್ಪಿದರೆ ನಿಮ್ಮ ಮನಸ್ಸಿಗೆ ನಿಜವಾಗಿ ಕಿರಿಕಿರಿ ಆಗುತ್ತದೋ ಅದನ್ನು ಮಾತ್ರ ಬರೆಯಿರಿ. ಒಬ್ಬರಿಗೆ ಅದು ಬೆಳಗಿನ ಹತ್ತು ನಿಮಿಷದ ಇಷ್ಟಲಿಂಗ ಪೂಜೆ. ಇನ್ನೊಬ್ಬರಿಗೆ ಐದು ಹೊತ್ತಿನ ನಮಾಜ್. ಮತ್ತೊಬ್ಬರಿಗೆ ಸೂರ್ಯ ಮುಳುಗುವುದರೊಳಗೆ ಊಟ. ವರ್ಷದ ಸಾಲಿನಲ್ಲಿ ಮನೆದೇವರ ಜಾತ್ರೆ, ರಂಜಾನ್, ಕ್ರಿಸ್‌ಮಸ್, ಪರ್ಯುಷಣ ಹೀಗೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಅಮ್ಮ ಮಾಡುವುದನ್ನೆಲ್ಲ ಬರೆದುಬಿಡುತ್ತಾರೆ. ಅಮ್ಮನಿಗೂ ಬಿಡುವಿಲ್ಲ ನಿಜ. ಆದರೆ ಅಮ್ಮನಿಗೆ ದೇವರಮನೆ ಹತ್ತು ಹೆಜ್ಜೆ ದೂರ. ನಿಮಗೆ ಒಂದು ಬಸ್ಸು, ಒಂದು ಟಂಟಂ, ಆಮೇಲೆ ಎರಡು ಕಿಲೋಮೀಟರ್ ನಡಿಗೆ. ಪಟ್ಟಿ ಉದ್ದವಾದರೆ ಮೂರನೇ ವಾರಕ್ಕೆ ಪೂರ್ತಿ ಬಿಟ್ಟುಹೋಗುತ್ತದೆ.

ನಿಮ್ಮ ಸಂಪ್ರದಾಯವೇ ಕೊಟ್ಟಿರುವ ಸಡಿಲಿಕೆಯನ್ನೂ ತಿಳಿದುಕೊಳ್ಳಿ. ಕ್ಯಾಥೊಲಿಕ್ ಆಗಿದ್ದರೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ಭಾನುವಾರದ ಶಿಬಿರಕ್ಕೆ ಅರ್ಧ ಪರಿಹಾರ ಅಲ್ಲೇ ಸಿಕ್ಕಿತು. ಜೊಹರ್ ನಮಾಜ್‌ಗೆ ಮಧ್ಯಾಹ್ನದಿಂದ ಅಸರ್‌ವರೆಗೆ ಸಾಕಷ್ಟು ಸಮಯವಿದೆ, ಒಂದೇ ಗಳಿಗೆಗೆ ಕಟ್ಟಿಹಾಕಿಲ್ಲ. ದೂರ ಪ್ರಯಾಣದಲ್ಲಿರುವವರಿಗೆ ನಮಾಜ್ ಮೊಟಕು ಮಾಡುವ ಅವಕಾಶವೂ ಇದೆ. ನಿಮ್ಮ ಓಡಾಟ ಅದಕ್ಕೆ ಸೇರುತ್ತದೋ ಇಲ್ಲವೋ ಮೌಲಾನಾರನ್ನು ಕೇಳಿ. ಸ್ವಾಮಿಗಳನ್ನು ಕೇಳಿ, ಫಾದರನ್ನು ಕೇಳಿ. ವಾಟ್ಸಾಪ್ ಫಾರ್ವರ್ಡ್ ಅನ್ನು ಕೇಳಬೇಡಿ.

ಹಂತ 2: ಮೂರು ಕ್ಯಾಲೆಂಡರ್ ಒಂದೇ ಹಾಳೆಗೆ ಇಳಿಸಿ

ಇದೇ ಮುಖ್ಯ ಹಂತ. ಒಂದು ಗಂಟೆಯಲ್ಲಿ ನಲವತ್ತು ನಿಮಿಷ ಇದಕ್ಕೇ ಕೊಡಿ.

ಮೊದಲನೆಯದು ಕಚೇರಿಯ ಕ್ಯಾಲೆಂಡರ್. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಮೇ 31ರೊಳಗೆ ದಾನಿಗಳ ವಿವರ ಆದಾಯ ತೆರಿಗೆ ಇಲಾಖೆಗೆ ಹೋಗಬೇಕು. ಸೆಪ್ಟೆಂಬರ್ ಅಂದರೆ ಆಡಿಟ್. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ ಡಿಸೆಂಬರ್ 31ರೊಳಗೆ ಎಫ್‌ಸಿ-4, ಅಂದರೆ ವಿದೇಶಿ ಹಣದ ವಾರ್ಷಿಕ ಲೆಕ್ಕ. ನೀವು ಅಕೌಂಟ್ಸ್‌ನವರಲ್ಲದೇ ಇರಬಹುದು. ಆದರೆ ಬಿಲ್ಲು, ಫೋಟೊ, ಹಾಜರಿ ಪಟ್ಟಿ ಕೊಡಬೇಕಾದವರು ನೀವೇ. ಅವರ ಗಡುವು ಹದಿನೈದು ದಿನ ಮೊದಲೇ ನಿಮ್ಮ ಗಡುವಾಗುತ್ತದೆ.

ಮಾರ್ಚ್‌ನಲ್ಲೇ ಯಾಕೆ ಇಷ್ಟು ಒತ್ತಡ? ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ, ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಕೆಲಸಕ್ಕೆ, ಆ ವರ್ಷವೇ ಖರ್ಚು ಮಾಡಬೇಕು. ಹಾಗಾಗಿ ಅವರು ಮಾರ್ಚ್‌ನಲ್ಲಿ ಯುಸಿ ಕೇಳುತ್ತಾರೆ. ಯುಸಿ ಅಂದರೆ ಹಣ ಬಳಕೆ ಪ್ರಮಾಣಪತ್ರ, ಕೊಟ್ಟ ದುಡ್ಡು ಹೇಳಿದ ಕೆಲಸಕ್ಕೇ ಖರ್ಚಾಗಿದೆ ಅನ್ನುವ ಕಾಗದ. ನಿಮ್ಮ ಮ್ಯಾನೇಜರ್ ಕೆಟ್ಟವರಲ್ಲ. ಅವರ ತಲೆ ಮೇಲೂ ಯಾರೋ ಕೂತಿದ್ದಾರೆ.

ಎರಡನೆಯದು ನಿಮ್ಮ ದೇವರ ಕ್ಯಾಲೆಂಡರ್. ಹಂತ 1ರ ಪಟ್ಟಿಯನ್ನು ಅದೇ ಹಾಳೆಯಲ್ಲಿ ಇನ್ನೊಂದು ಬಣ್ಣದಲ್ಲಿ ಬರೆಯಿರಿ. ಎಲ್ಲಿ ಡಿಕ್ಕಿ ಹೊಡೆಯುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. 2024ರಲ್ಲಿ ಗುಡ್ ಫ್ರೈಡೆ ಮಾರ್ಚ್ 29ಕ್ಕೆ ಬಂತು. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ರಂಜಾನ್ ಹಬ್ಬ. ವರ್ಷಾಂತ್ಯದ ಕೊನೆಯ ಎರಡು ದಿನ! ರಂಜಾನ್ ತಿಂಗಳು ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಹಾಗಾಗಿ ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಸರಿಹೊಂದುವುದಿಲ್ಲ. ಕ್ರಿಸ್‌ಮಸ್ ವಾರ ಮತ್ತು ಎಫ್‌ಸಿ-4 ವಾರ ಮಾತ್ರ ಪ್ರತಿ ವರ್ಷವೂ ಜೊತೆಗೇ ಬರುತ್ತವೆ. ಡಿಕ್ಕಿ ಇರುವ ವಾರಗಳಿಗೆ ಕೆಂಪು ಗುರುತು ಹಾಕಿ. ವರ್ಷಕ್ಕೆ ನಾಲ್ಕೈದು ಇರಬಹುದು, ಅಷ್ಟೇ. ಉಳಿದ ವಾರಗಳ ಬಗ್ಗೆ ಸುಮ್ನೆ ತಲೆಬಿಸಿ ಬೇಡ.

ಮೂರನೆಯದು ಊರಿನ ಕ್ಯಾಲೆಂಡರ್. ಇದು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ನಾನಿದನ್ನು ಕಲಿತದ್ದು ಎಳ್ಳ ಅಮಾವಾಸ್ಯೆಯ ದಿನ. ನಾಲ್ಕು ಜನ ಸರ್ವೆಯವರನ್ನು ಕಟ್ಟಿಕೊಂಡು ಬೇಸ್‌ಲೈನ್‌ಗೆ ಅಂತ, ಅಂದರೆ ಯೋಜನೆ ಶುರುವಾಗುವ ಮೊದಲು ಮನೆಮನೆಯ ಸ್ಥಿತಿ ದಾಖಲಿಸಲು, ಒಂದು ಊರಿಗೆ ಹೋದೆ. ಓಣಿ ತುಂಬಾ ಬೀಗ. ಕಟ್ಟೆ ಮೇಲೆ ಕೂತಿದ್ದ ಒಬ್ಬಳೇ ಒಬ್ಬಳು ಅಜ್ಜಿ, "ಎಲ್ಲಾರೂ ಹೊಲಕ್ಕ ಹೋಗ್ಯಾರ. ನೀವೂ ಹೋಗ್ರಿ, ಭಜ್ಜಿ ಉಣ್ರಿ" ಅಂದಳು. ಹೋದೆವು. ಚರಗ ಚೆಲ್ಲಿ, ಅಂದರೆ ಹೊಲಕ್ಕೆ ನೈವೇದ್ಯ ಚೆಲ್ಲಿ, ಬಂದವರು ಮರದ ಕೆಳಗೆ ಕೂರಿಸಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಬಡಿಸಿದರು. ಬ್ಯಾಗಿನಲ್ಲಿದ್ದ 120 ಫಾರ್ಮ್‌ಗಳಲ್ಲಿ ಒಂದೂ ತುಂಬಲಿಲ್ಲ. ಮರುದಿನ ಕಚೇರಿಯಲ್ಲಿ ಬೈಸಿಕೊಂಡೆ. ಅದು ನ್ಯಾಯವೇ, ಆ ಭಾಗದಲ್ಲಿ ಕೆಲಸ ಮಾಡುವವಳಿಗೆ ಗೊತ್ತಿರಬೇಕಿತ್ತು.

ನಿಮ್ಮ ಕ್ಲಸ್ಟರಿನಲ್ಲಿ, ಅಂದರೆ ನಿಮಗೆ ವಹಿಸಿದ ಊರುಗಳಲ್ಲಿ, ಜಾತ್ರೆ, ಉರುಸ್, ಮೊಹರಂ, ಕಾರಹುಣ್ಣಿಮೆ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನೋ ಸ್ವಸಹಾಯ ಸಂಘದ ಅಧ್ಯಕ್ಷೆಯನ್ನೋ ಕೇಳಿ ಬರೆದುಕೊಳ್ಳಿ. ಈ ಕಡೆ ಮೊಹರಂ ಅಂದರೆ ಅಲಾಯಿ ದೇವರು, ಎಷ್ಟೋ ಊರಲ್ಲಿ ಎಲ್ಲಾ ಜಾತಿಯವರೂ ಸೇರುತ್ತಾರೆ. ಆ ದಿನಗಳಲ್ಲಿ ಸಭೆ ಕರೆದರೆ ಯಾರೂ ಬರುವುದಿಲ್ಲ. ಸವದತ್ತಿ ಕಡೆ ಕೆಲಸವಿದ್ದರೆ ಎಲ್ಲಮ್ಮನ ಜಾತ್ರೆಯ ಬನದ ಹುಣ್ಣಿಮೆ, ಭರತ ಹುಣ್ಣಿಮೆ ನೋಡಿಕೊಳ್ಳಿ. ಕೊಪ್ಪಳವಾದರೆ ಜನವರಿಯ ಗವಿಮಠದ ಜಾತ್ರೆ. ಇದರಲ್ಲಿ ನಿಮಗೂ ಲಾಭವಿದೆ. ಊರು ಹೇಗೂ ಬಿಡುವು ತೆಗೆದುಕೊಳ್ಳುವ ದಿನ ನೀವೂ ರಜೆ ಕೇಳಿದರೆ ಯಾವ ಮ್ಯಾನೇಜರೂ ಬೇಡ ಅನ್ನುವುದಿಲ್ಲ.

ಹಂತ 3: ಮೊದಲೇ ಹೇಳಿ, ಬರೆದು ಹೇಳಿ

ಕೆಂಪು ವಾರಗಳ ಪಟ್ಟಿಯನ್ನು ಒಂದು ತಿಂಗಳು ಮೊದಲೇ ಮ್ಯಾನೇಜರ್‌ಗೆ ಕಳಿಸಿ. ಹಿಂದಿನ ರಾತ್ರಿ "ನಾಳೆ ಹಬ್ಬ" ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಎರಡು ಪದ ಗೊತ್ತಿರಲಿ. ಆರ್‌ಎಚ್ ಅಂದರೆ ಹಬ್ಬಗಳ ಪಟ್ಟಿಯಿಂದ ನಮಗೆ ಬೇಕಾದ್ದನ್ನು ಆರಿಸಿಕೊಳ್ಳುವ ರಜೆ. ಕಾಂಪ್ ಆಫ್ ಅಂದರೆ ರಜಾದಿನ ಕೆಲಸ ಮಾಡಿದ್ದಕ್ಕೆ ಬದಲಿಗೆ ಸಿಗುವ ರಜೆ. ಇವು ನಿಮ್ಮ ಸಂಸ್ಥೆಯಲ್ಲಿ ಇವೆಯೋ ಇಲ್ಲವೋ ರಜೆ ನಿಯಮದಲ್ಲಿ ನೋಡಿ. ಕಾಂಪ್ ಆಫ್ ಇದ್ದರೂ ಎಷ್ಟು ದಿನದೊಳಗೆ ತೆಗೆದುಕೊಳ್ಳಬೇಕು ಅನ್ನುವುದನ್ನೂ ನೋಡಿ. ಭಾನುವಾರದ ಶಿಬಿರಗಳನ್ನೆಲ್ಲ ಮಾಡಿ, ಅವಧಿ ಮುಗಿದು, ಒಂದೂ ರಜೆ ಸಿಗದವರು ಬೇಕಾದಷ್ಟು ಜನರಿದ್ದಾರೆ.

ಇಮೇಲ್ ಹೀಗಿದ್ದರೆ ಸಾಕು:

"ಮೇಡಂ, ಪ್ರತಿ ಶುಕ್ರವಾರ ಮಧ್ಯಾಹ್ನ 1ರಿಂದ 2ರವರೆಗೆ ಜುಮ್ಮಾ ನಮಾಜ್‌ಗೆ ಹೋಗುತ್ತೇನೆ. ಊಟದ ಬಿಡುವನ್ನು ಅದಕ್ಕೇ ಬಳಸಿಕೊಳ್ಳುತ್ತೇನೆ. ರಿವ್ಯೂ ಮೀಟಿಂಗ್ 2.30ಕ್ಕೆ ಇಟ್ಟರೆ ಪೂರ್ತಿ ಇರಲು ಆಗುತ್ತದೆ. ನನ್ನ ಕ್ಲಸ್ಟರಿನ ವರದಿಯನ್ನು ಗುರುವಾರ ಸಂಜೆಯೇ ಕಳಿಸಿರುತ್ತೇನೆ."

ನೋಡಿ, ಇದರಲ್ಲಿ "ದಯವಿಟ್ಟು ಕ್ಷಮಿಸಿ" ಇಲ್ಲ, ಧರ್ಮದ ಪಾಠವೂ ಇಲ್ಲ. ಸಮಯ ಇದೆ, ಬದಲಿ ವ್ಯವಸ್ಥೆ ಇದೆ. ಬಾಯಲ್ಲಿ ಒಪ್ಪಿದರೂ ಒಂದು ಸಾಲು ಬರೆದು ಕಳಿಸಿ. ನಮ್ಮಲ್ಲಿ ಮ್ಯಾನೇಜರ್‌ಗಳು ಬೇಗ ಬೇಗ ಬದಲಾಗುತ್ತಾರೆ.

ಎಚ್ಚರಿಕೆ: ಜ್ವರ ಅಂತ ಸುಳ್ಳು ಹೇಳಬೇಡಿ. ಜಾತ್ರೆಯ ಫೋಟೊ ಸ್ಟೇಟಸ್‌ಗೆ ಹಾಕುವವರು ನಿಮ್ಮ ಸ್ನೇಹಿತರಲ್ಲೇ ಒಬ್ಬರಿರುತ್ತಾರೆ.

ಸಹೋದ್ಯೋಗಿಗಳ ಜೊತೆ ಅದಲುಬದಲು ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ರಂಜಾನ್‌ಗೆ ಅವರ ಊರು ನೀವು ನೋಡಿ, ದೀಪಾವಳಿಗೆ ನಿಮ್ಮ ಊರು ಅವರು ನೋಡಲಿ. ಆದರೆ ಮದುವೆಯಾಗದವರಿಗೇ, ಹಬ್ಬ ಮಾಡದವರಿಗೇ ಪ್ರತಿ ಸಲ ಡ್ಯೂಟಿ ಬೀಳದಂತೆ ನೋಡಿಕೊಳ್ಳಿ. ಅವರಿಗೂ ಮನೆ ಇದೆ.

ಹಂತ 4: ಫೀಲ್ಡ್ ದಿನದ ಒಳಗೆ ಜಾಗ ಹುಡುಕಿ

ಬೆಳಗಿನದು ಬೆಳಿಗ್ಗೆಯೇ ಮುಗಿಸಿ, ಫೋನ್ ಮುಟ್ಟುವ ಮೊದಲು. ಒಮ್ಮೆ ಗ್ರೂಪ್ ತೆರೆದರೆ ಮುಗಿಯಿತು, ನೀರು ಕುಡಿಯಲೂ ಆಗುವುದಿಲ್ಲ.

ಹಳ್ಳಿಯ ದಿನವನ್ನು ಸರಿಯಾಗಿ ನೋಡಿ. ಹೆಂಗಸರು ಕೂಲಿಯಿಂದ ಬರುವುದು ಸಂಜೆ. ಸಂಘದ ಸಭೆ ಶುರುವಾಗುವುದು ಏಳಕ್ಕೆ. ಹಾಗಾದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನೀವೇನು ಮಾಡುತ್ತೀರಿ? ಅಂಗನವಾಡಿ ಕಟ್ಟೆ ಮೇಲೆ ಕೂತು ರೀಲ್ಸ್ ನೋಡುತ್ತೀರಿ. ನಾನೂ ನೋಡಿದ್ದೇನೆ. ನಮಾಜ್, ಜಪ, ಬೈಬಲ್ ಓದುವುದು, ಹತ್ತು ನಿಮಿಷ ಕಣ್ಣುಮುಚ್ಚಿ ಕೂರುವುದು, ಎಲ್ಲಕ್ಕೂ ಅಲ್ಲೇ ಜಾಗವಿದೆ. ಸಂಘದ ಯಾರಾದರೂ ಅಕ್ಕನ ಮನೆಯ ಪಡಸಾಲೆ ಕೇಳಿ. ಸರ್ಕಾರಿ ಶಾಲೆ, ಅಂಗನವಾಡಿ ಒಳಗೆ ಬೇಡ, ನಾಳೆ ಮಾತು ಬರುತ್ತದೆ.

ಉಪವಾಸದ ದಿನ ಚಹಾ ಬೇಡ ಅನ್ನುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. "ಇವತ್ತು ಒಪ್ಪತ್ತು" ಅನ್ನಿ. "ರೋಜಾ ಇದೀನಿ" ಅನ್ನಿ. ಊರಿನವರಿಗೆ ಇದು ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಹೊಟ್ಟೆ ಸರಿ ಇಲ್ಲ ಅಂದಿರೋ, ಕಷಾಯ ಕುಡಿಸದೆ ಕಳಿಸುವುದಿಲ್ಲ.

ಬೇಸಿಗೆಯಲ್ಲಿ ಕಲಬುರಗಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರೂ ಕುಡಿಯದ ಉಪವಾಸವಿದ್ದರೆ ಮನೆ ಮನೆ ಸುತ್ತುವ ಕೆಲಸವನ್ನು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸಿ, ಮಧ್ಯಾಹ್ನಕ್ಕೆ ಎಂಐಎಸ್ ಇಟ್ಟುಕೊಳ್ಳಿ. ಎಂಐಎಸ್ ಅಂದರೆ ಫೀಲ್ಡಿನ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಒಬ್ಬರೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರ್, ಆಮೇಲೆ ಉಪವಾಸ.

ಹಂತ 5: ಇವತ್ತಿನ ಅಕ್ಕಿ ಎಷ್ಟು?

ಪ್ರತಿ ದಿನ ಬಸ್ಸಿನಲ್ಲಿ ಕೂತು ಮೂರು ಕೆಲಸ ಬರೆಯಿರಿ. ಅದು ಇವತ್ತಿನ ಅಕ್ಕಿ. ನಾಲ್ಕನೆಯದು ಬಂದರೆ ಕೇಳಬೇಕಾದ ಪ್ರಶ್ನೆ: ಇದು ಜನರ ತುರ್ತೋ, ಶೀಟಿನ ತುರ್ತೋ?

ಹೆರಿಗೆ ನೋವು ಬಂದವಳಿಗೆ ಆಂಬುಲೆನ್ಸ್ ಸಿಗುತ್ತಿಲ್ಲ ಅನ್ನುವುದು ಜನರ ತುರ್ತು. ಪೂಜೆ ಅರ್ಧಕ್ಕೆ ಬಿಟ್ಟು ಏಳಿ, ಮಾರಯ್ಯ ಹೇಳಿದ್ದು ಇಂಥದ್ದಕ್ಕೇ. ಫೋಟೊಗಳ ಹೆಸರು ಬದಲಿಸಿ ಮತ್ತೆ ಅಪ್‌ಲೋಡ್ ಮಾಡಿ ಅನ್ನುವುದು ಶೀಟಿನ ತುರ್ತು. ಅದು ಬೆಳಿಗ್ಗೆ ಒಂಬತ್ತಕ್ಕೂ ಆಗುತ್ತದೆ. ಎಲ್ಲವನ್ನೂ ಜನರ ತುರ್ತಿನ ದನಿಯಲ್ಲೇ ಹೇಳುವುದು ನಮ್ಮ ಕ್ಷೇತ್ರದ ಕೆಟ್ಟ ಅಭ್ಯಾಸ.

ಕೆಲಸವೇ ಗೆಲ್ಲಬೇಕಾದ ದಿನಗಳೂ ಇವೆ. ಮಕ್ಕಳ ಹಕ್ಕಿನ ಕೆಲಸದಲ್ಲಿದ್ದರೆ ಅಕ್ಷಯ ತೃತೀಯ ಅಂಥದ್ದು. ಅವತ್ತೇ ಬಸವ ಜಯಂತಿ. ಮುಹೂರ್ತ ನೋಡಬೇಕಿಲ್ಲ ಅನ್ನುವ ದಿನವಾದ್ದರಿಂದ ಮದುವೆಗಳು ಜಾಸ್ತಿ, ಸಾಮೂಹಿಕ ಮದುವೆಗಳ ನಡುವೆ ಬಾಲ್ಯವಿವಾಹ ನುಸುಳುವ ಭಯವೂ ಜಾಸ್ತಿ. 2006ರ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಅವತ್ತು 1098ಕ್ಕೆ, ಅಂದರೆ ಮಕ್ಕಳ ಸಹಾಯವಾಣಿಗೆ, ಕರೆ ಮಾಡಬೇಕಾದವರು ನೀವೇ ಆಗಿರಬಹುದು. ರಜೆ ಕೇಳಬೇಡಿ. ಬೆಳಗಿನ ಜಾವ ಪೂಜೆ ಮುಗಿಸಿ ಹೊರಡಿ. ಕಾಂಪ್ ಆಫ್ ಆಮೇಲೆ ತೆಗೆದುಕೊಳ್ಳಿ.

ಇನ್ನೊಂದು ಸತ್ಯ: ಎಷ್ಟೋ ಕಡೆ ಮೂವರ ಕೆಲಸ ಒಬ್ಬರ ಮೇಲಿದೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಕಚೇರಿಯಲ್ಲಿ ಜನ ಕಮ್ಮಿಯಾದರೆ ಅವರ ಕಾಗದದ ಕೆಲಸ ಫೀಲ್ಡಿನವರ ಹೆಗಲಿಗೆ ಜಾರುತ್ತದೆ. ನೀವು ಬೆಳಿಗ್ಗೆ ಬೇಗ ಎದ್ದು ಬಗೆಹರಿಸುವ ಸಮಸ್ಯೆ ಇದಲ್ಲ. ನಿಮ್ಮ ನಿಜವಾದ ಗಂಟೆಗಳನ್ನು ಎರಡು ವಾರ ಬರೆದಿಟ್ಟು, ಮುಂದಿನ ಬಜೆಟ್ ಬರೆಯುವಾಗ ಮೇಜಿನ ಮೇಲಿಡಿ.

ಹಂತ 6: ನಂಬಿಕೆ ನಿಮ್ಮದು, ಯೋಜನೆ ಎಲ್ಲರದ್ದು

ಫಾರ್ಮ್ ತುಂಬಿಸುವಾಗ ದೇವರ ಮಾತು ಬೇಡ. ಪ್ರಸಾದ, ಕರಪತ್ರ, ಜಾತ್ರೆಯ ಚಂದಾ ರಸೀದಿ, ಯಾವುದೂ ಕೆಲಸದ ಬ್ಯಾಗಿನಲ್ಲಿ ಇರಬಾರದು. ಸೌಲಭ್ಯಕ್ಕಾಗಿ ನಿಮ್ಮನ್ನು ಕಾಯುವವರು ಬೇಡ ಅನ್ನಲಾರರು, ಅದಕ್ಕೆ. ಅವರೇ ಗುಡಿಗೆ, ದರ್ಗಾಕ್ಕೆ ಕರೆದರೆ ಹೋಗಿ ಬನ್ನಿ, ತಪ್ಪೇನಿಲ್ಲ.

ಅಯ್ಯಪ್ಪ ಮಾಲೆ ಹಾಕುವವರು 41 ದಿನ ಬರಿಗಾಲು, ಕಪ್ಪು ಬಟ್ಟೆ ಅನ್ನುವುದನ್ನು ಮೊದಲೇ ಯೋಚಿಸಿ. ಊರವರು "ಸ್ವಾಮಿ" ಅನ್ನಲು ಶುರುಮಾಡುತ್ತಾರೆ. ಮುಟ್ಟಿನ ಬಗ್ಗೆ ಮಾತಾಡುವ ಕಿಶೋರಿಯರ ಸಭೆಗೆ ಆಗ ಬೇರೆಯವರು ಹೋಗುವುದು ಒಳ್ಳೆಯದು.

ಒಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಉಪವಾಸವಿದ್ದರೆ ಎಲ್ಲಾ ಮನೆಯಲ್ಲೂ ಉಪವಾಸ. ಗೌಡರ ಮನೆಯಲ್ಲಿ ಚಹಾ ಕುಡಿದು, ದಲಿತ ಕೇರಿಯಲ್ಲಿ "ಇವತ್ತು ಮಡಿ" ಅನ್ನುವುದು ನಂಬಿಕೆ ಅಲ್ಲ, ಅಸ್ಪೃಶ್ಯತೆ. ಊರು ಇದನ್ನು ಒಂದೇ ದಿನದಲ್ಲಿ ಗುರುತಿಸುತ್ತದೆ. ಆಮೇಲೆ ನೀವು ಎಷ್ಟು ಸಭೆ ಕರೆದರೂ ಆ ಕೇರಿಯಿಂದ ಯಾರೂ ಬರುವುದಿಲ್ಲ.

ಹಂತ 7: ತಪ್ಪಿದಾಗ

ತಪ್ಪುತ್ತದೆ. ಮಾರ್ಚ್‌ನಲ್ಲಂತೂ ತಪ್ಪಿಯೇ ತಪ್ಪುತ್ತದೆ. ಬಿಟ್ಟುಹೋದದ್ದನ್ನು ಒಂದೇ ಭಾನುವಾರ ತೀರಿಸಲು ಹೋಗಬೇಡಿ. ನಾಳೆಯ ಹತ್ತು ನಿಮಿಷದಿಂದ ಮತ್ತೆ ಶುರುಮಾಡಿ.

ತಿಂಗಳಿಗೊಮ್ಮೆ, ಎರಡನೇ ಶನಿವಾರ ಅಂತಿಟ್ಟುಕೊಳ್ಳಿ, ಹಂತ 1ರ ಹಾಳೆ ತೆಗೆದು ನೋಡಿ. ಒಂದು ತಿಂಗಳು ಖಾಲಿ ಇದ್ದರೆ ಚಿಂತೆ ಇಲ್ಲ. ಮೂರು ತಿಂಗಳು ಖಾಲಿ ಇದ್ದರೆ ಮ್ಯಾನೇಜರ್ ಜೊತೆ ಮತ್ತೆ ಕೂತು ಮಾತಾಡಿ. ಆಗಲೂ ಏನೂ ಬದಲಾಗದಿದ್ದರೆ ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಎಷ್ಟು ಅಂತ ಓದಿ. ಬೇರೆ ಸಂಸ್ಥೆಗಳೂ ಇವೆ, ಅಲ್ಲೂ ಜನರ ಕೆಲಸವೇ ಇದೆ.

ಪೂಜೆಗೂ ಮನಸ್ಸಿಲ್ಲ, ಊಟವೂ ಬೇಡ, ನಿದ್ದೆಯೂ ಬರುತ್ತಿಲ್ಲ ಅನ್ನುವಂತಿದ್ದರೆ ಅದು ಬರೀ ಬ್ಯುಸಿ ಅಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿಂಜರಿಯಬೇಡಿ.

ಹೊಸ ಪಂಚಾಂಗ ಯುಗಾದಿಗೆ ಬರುತ್ತದೆ, ಡೋನರ್‌ನ ಹೊಸ ಪಟ್ಟಿ ಏಪ್ರಿಲ್ 1ಕ್ಕೆ. ಏಪ್ರಿಲ್‌ನ ಎರಡನೇ ಶನಿವಾರದ ಹೊತ್ತಿಗೆ ಎರಡೂ ಕೈಯಲ್ಲಿರುತ್ತವೆ. ಅವತ್ತು ಹೊಸ ಹಾಳೆ ತೆಗೆದು ಹಂತ 1ರಿಂದ ಬರೆಯಿರಿ. ಹಳೆಯದನ್ನು ಎಸೆಯಬೇಡಿ. ಊರಿನ ಕ್ಯಾಲೆಂಡರ್ ನಿಮ್ಮ ಜಾಗಕ್ಕೆ ಬರುವ ಹೊಸ ಹುಡುಗಿಗೆ ಬೇಕಾಗುತ್ತದೆ.